ಕೈಪಿಡಿ ಕಳೆದುಹೋದ ಮೇಲೆ

ಗುಜರಿಯವನ ತಕ್ಕಡಿಗೆ ಗಣಕಯಂತ್ರವೂ ಒಂದೇ, ತಗಡಿನ ಡಬ್ಬವೂ ಒಂದೇ. ಕಛೇರಿಯ ಉಗ್ರಾಣದಲ್ಲಿ ದೂಳು ಹಿಡಿದು ಕೂತ ಹಳೆಯ ಕಂಪ್ಯೂಟರನ್ನು 'ಇದರ ಪುಸ್ತಕವೇ ಇಲ್ಲ, ಇನ್ನೇನು ಮಾಡೋದು?' ಎಂದು ತೂಕಕ್ಕೆ ಹಾಕುವ ಮುನ್ನ ಸ್ವಲ್ಪ ಯೋಚಿಸಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕಂಪ್ಯೂಟರಿಗೆ ಕನ್ನಡ ತಂದ ಸಾಧನಗಳಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಒಂದು. ಅದನ್ನು ಯಂತ್ರದ ಒಳಗೇ ಸಿಕ್ಕಿಸಬೇಕಿತ್ತು. ಅದರಲ್ಲಿ ಬರೆದಿಟ್ಟ ಫ್ಲಾಪಿಯನ್ನು ಅಂದಿನಂತೆಯೇ ತೆರೆದು ನೋಡಬೇಕೆಂದರೆ ಅಂದಿನ ಯಂತ್ರವೇ ಏಳಬೇಕು. ಏಳಲು ಅಡ್ಡಿಯಾಗಬಲ್ಲ ಭಾಗಗಳಲ್ಲಿ ಒಂದು, ಹೆಚ್ಚುವರಿ ಮೆಮೊರಿ ಬೋರ್ಡು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಮುಖ್ಯ ಬೋರ್ಡಿನಲ್ಲಿ 64 ಕಿಲೋಬೈಟ್ ನೆನಪಿಗಷ್ಟೇ ಜಾಗವಿತ್ತು. 1983ರಲ್ಲಿ ಅದು 256ಕ್ಕೆ ಏರಿತು. 8088 ಪ್ರೊಸೆಸರಿಗೆ ಇದ್ದುದು 20 ವಿಳಾಸ ತಂತಿಗಳು; ಅಂದರೆ 10,48,576 ಮನೆಗಳನ್ನು ಗುರುತಿಸುವ ಶಕ್ತಿ. ಅದರಲ್ಲಿ ಪ್ರೋಗ್ರಾಮುಗಳ ಪಾಲು 640 ಕಿಲೋಬೈಟ್. ಈ ಕೊರತೆಯನ್ನು ತುಂಬಲು ಬಂದವೇ ಹೆಚ್ಚುವರಿ ಬೋರ್ಡುಗಳು.

ಬೋರ್ಡಿನ ಪುಟ್ಟ ಸ್ವಿಚ್ಚುಗಳ ಮುಖ್ಯ ಕೆಲಸ 'ನಿನ್ನ ಸರದಿ ಎಲ್ಲಿಂದ' ಎಂದು ತಿಳಿಸುವುದು. ತುಂಗಭದ್ರಾ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಸರದಿಯಲ್ಲಿ ಇನ್ನೊಬ್ಬರೂ ತೂಬು ತೆರೆದರೆ ಜಗಳ ತಪ್ಪದು. ಹಾಗೆಯೇ ಎರಡು ಬೋರ್ಡುಗಳು ಒಂದೇ ವಿಳಾಸಕ್ಕೆ ಓಗೊಟ್ಟರೆ ಯಂತ್ರ ತತ್ತರಿಸುತ್ತದೆ. ನಡುವೆ ತೆರಪು ಬಿದ್ದರೂ ಲೆಕ್ಕ ಕೆಡುತ್ತದೆ.

ಪುಸ್ತಕ ಕಳೆದರೂ ಬೋರ್ಡು ತಾನೇ ಅರ್ಧ ಪುಸ್ತಕ. ಸ್ವಿಚ್ಚುಗಳು ಈಗ ಹೇಗಿವೆಯೋ ಹಾಗೆಯೇ ಚಿತ್ರ ಬರೆದುಕೊಳ್ಳಿ, ಮುಟ್ಟುವುದು ಆಮೇಲೆ. ಚಿಪ್ಪಿನ ಮೇಲೆ 4164 ಎಂದಿದ್ದರೆ ಒಂದೊಂದರಲ್ಲಿ 64 ಕಿಲೋಬಿಟ್, 41256 ಎಂದಿದ್ದರೆ 256. ಸಾಲಿಗೆ ಒಂಬತ್ತು ಚಿಪ್ಪು: ಎಂಟು ಮಾಹಿತಿಗೆ, ಒಂಬತ್ತನೆಯದು ತಪ್ಪು ಹಿಡಿಯುವ ಕಾವಲುಗಾರ. 8437ರಂಥ ಅಂಕಿ ಕಂಡರೆ ಅದು 1984ರ 37ನೇ ವಾರ ತಯಾರಾದ ಚಿಪ್ಪು ಎಂದರ್ಥ.

ಇನ್ನು ಮಲ್ಟಿಮೀಟರ್ ಹಿಡಿಯಿರಿ. ಬೋರ್ಡು ಯಂತ್ರದಿಂದ ಹೊರಗಿರಲಿ. ಅಂಚಿನ ಹೊಂಬಣ್ಣದ ಹಲ್ಲುಗಳಿಗೆ ನಮ್ಮ ಎರೆಭೂಮಿಯ ದೂಳು ಮೆತ್ತಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಚಿಪ್ಪುಗಳಿರುವ ಬದಿಯಲ್ಲಿ, ಹಿಂಬದಿಯ ತಗಡಿನ ಪಟ್ಟಿಯ ಕಡೆಯಿಂದ ಎಣಿಸಿದರೆ 12ರಿಂದ 15ನೆಯ ಹಲ್ಲುಗಳೇ ಮೇಲಿನ ನಾಲ್ಕು ವಿಳಾಸ ತಂತಿಗಳು. 64 ಕಿಲೋಬೈಟಿನ 16 ತುಂಡುಗಳಲ್ಲಿ ಯಾವುದು ಎಂದು ಹೇಳುವುದು ಇವೇ. ಸರಳ ಬೋರ್ಡುಗಳಲ್ಲಿ ಈ ತಂತಿಗಳೂ ಸ್ವಿಚ್ಚುಗಳೂ 74ಎಲ್‌ಎಸ್85ರಂಥ ಹೋಲಿಸುವ ಚಿಪ್ಪಿನಲ್ಲಿ ಕೂಡುತ್ತವೆ. ಯಾವ ಸ್ವಿಚ್ಚು ಯಾವ ತಂತಿಗೆ ಜೋಡಿ ಎಂಬುದನ್ನು ಮೀಟರಿನಿಂದ ಪತ್ತೆ ಹಚ್ಚಬಹುದು.

ಒಂದು ಲೆಕ್ಕ ನೋಡಿ. ಯಂತ್ರದಲ್ಲಿ ಆಗಲೇ 256 ಕಿಲೋಬೈಟ್ ಇದ್ದರೆ 0, 1, 2, 3ನೆಯ ತುಂಡುಗಳು ಭರ್ತಿಯಾಗಿವೆ. ಹೊಸದಾಗಿ ಸೇರುವ 64ರ ಬೋರ್ಡಿಗೆ 4ನೆಯದು. ದ್ವಿಮಾನ ಪದ್ಧತಿಯಲ್ಲಿ ನಾಲ್ಕು ಎಂದರೆ 0100. ಅಂದರೆ ಒಂದು ಸ್ವಿಚ್ಚು ಒಂದು ಕಡೆಗೆ, ಉಳಿದ ಮೂರು ಇನ್ನೊಂದು ಕಡೆಗೆ. ಮೊದಲ ಪಿಸಿಯಾದರೆ ಮುಖ್ಯ ಬೋರ್ಡಿನ ಸ್ವಿಚ್ಚುಗಳಿಗೂ ಹೊಸ ಮೊತ್ತವನ್ನು ತಿಳಿಸಬೇಕು. ಯಂತ್ರ ಶುರುವಾಗುವಾಗ 201 ಎಂಬ ಅಂಕಿ ಕಂಡರೆ ಮೆಮೊರಿಯಲ್ಲಿ ದೋಷವಿದೆ. ಅದು ಕಾಣದೆ, ಡಾಸ್‌ನ ಚೆಕ್‌ಡಿಸ್ಕ್ ಆಜ್ಞೆಗೆ ಒಟ್ಟು 3,27,680 ಬೈಟ್ ಎಂಬ ಉತ್ತರ ಬಂದರೆ ಗೆದ್ದಿರಿ.

ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವ ನಿಯಮವೇ ಇಲ್ಲಿಯೂ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ವಿದ್ಯುತ್ ಆರಿಸಿ, ಬಂದ ಫಲಿತಾಂಶವನ್ನು ಕೂಡಲೇ ಬರೆದಿಡುವುದು. ಅವಸರಕ್ಕೆ ಚಿಪ್ಪನ್ನು ತಿರುಗುಮುರುಗು ಕೂರಿಸಿದರೆ ಅದು ಸುಟ್ಟೇಹೋದೀತು. ಅಂಗಡಿಯಲ್ಲಿ ಅದರ ಜೋಡಿ ಸಿಗುವುದು ಈಗ ಸುಲಭವಲ್ಲ.

ಕೊನೆಯದಾಗಿ, ಕಂಡುಕೊಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಅದನ್ನು ತೆರೆಯುವವರಿಗೆ ಪುಸ್ತಕ ಇಲ್ಲವೆಂಬ ಕೊರಗು ಇರುವುದಿಲ್ಲ.