ವಿಮಾನ ನಿರ್ಮಾಣವೂ ನೆಲದ ಪರೀಕ್ಷೆಯೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರ ಹೆಲಿಕಾಪ್ಟರ್ ಕಾರ್ಖಾನೆಯು 2023ನೆಯ ಇಸವಿ ಫೆಬ್ರವರಿ 6ನೆಯ ತಾರೀಖು ಪ್ರಧಾನಮಂತ್ರಿಗಳಿಂದ ಉದ್ಘಾಟಿತವಾದುದು ನಮ್ಮ ವಾಚಕರಿಗೆ ತಿಳಿದ ವಿಷಯ. ತೆಂಗು, ಕೊಬ್ಬರಿ, ಮಳೆ, ಬೆಲೆ, ಇವುಗಳ ಮಾತೇ ಹೆಚ್ಚಾಗಿರುವ ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ವಿಮಾನವಿದ್ಯೆಯು ಹೀಗೆ ನೆರೆಮನೆಗೆ ಬಂದ ನೆಂಟನಂತೆ ಬಂದು ಕುಳಿತಿದೆ. ಪಂಪುಸೆಟ್ಟಿನ ಮೋಟಾರನ್ನು ಬಿಚ್ಚಿ ಕೂಡಿಸಬಲ್ಲ, ಕಾಯಿ ಸುಲಿಯುವ ಯಂತ್ರವನ್ನು ತನ್ನ ಅಂಗಳದಲ್ಲಿಯೇ ತಿದ್ದಿಕೊಳ್ಳಬಲ್ಲ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಅಂಥವರಲ್ಲೊಬ್ಬನು ನಾಳೆ ತೋಟದ ಮನೆಯ ಷೆಡ್ಡಿನಲ್ಲಿ ವಿಮಾನವನ್ನೇ ಕಟ್ಟಿ ನಿಲ್ಲಿಸಿದರೆ ನಾವು ಆಶ್ಚರ್ಯಪಡುವವರಲ್ಲ, ಸಂತೋಷಪಡುವವರು. ಆದರೆ ಆತನು ಅದನ್ನು ನೆಲದ ಮೇಲೆ ಪರೀಕ್ಷಿಸುವುದು ಎಲ್ಲಿ, ಯಾರ ಸಮಕ್ಷಮದಲ್ಲಿ, ಯಾವ ಕ್ರಮದಿಂದ? ಈ ಪ್ರಶ್ನೆಯ ಕಡೆಗೆ ಸರಕಾರದವರ ಮತ್ತು ಸಾರ್ವಜನಿಕರ ಲಕ್ಷ್ಯವನ್ನು ಸೆಳೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಪ್ರಶ್ನೆಯು ಊಹೆಯದಲ್ಲ. 2021ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹಳ್ಳಿಯೊಂದರಲ್ಲಿ, ಹೆಚ್ಚಿನ ಶಾಲಾವಿದ್ಯೆಯಿಲ್ಲದಿದ್ದರೂ ಕೈಯ ಕುಶಲತೆಯುಳ್ಳ ತರುಣನೊಬ್ಬನು ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದಾಗ, ಬಾಲದ ಅಲಗು ಮುರಿದು ಮೇಲಿನ ದೊಡ್ಡ ಅಲಗಿಗೆ ಬಡಿದು, ಆ ಅಲಗು ಅವನ ತಲೆಗೆ ತಗುಲಿ ಪ್ರಾಣಬಿಟ್ಟನು. ಇದು ಆಕಾಶದಿಂದ ಬಿದ್ದು ಬಂದ ಸಾವಲ್ಲ; ನೆಲದ ಮೇಲೆ ನಡೆದ ಪರೀಕ್ಷೆಯಲ್ಲಿ ಬಂದ ಸಾವು. ಸ್ವಾತಂತ್ರ್ಯದ ದಿನ ಹತ್ತಿರವಾಗಿತ್ತು, ಅಂದು ತನ್ನ ಯಂತ್ರವನ್ನು ಜನರಿಗೆ ತೋರಿಸಬೇಕೆಂಬ ಆಸೆ ಅವನಿಗಿತ್ತೆಂದು ಆಗಿನ ವರದಿಗಳು ಹೇಳಿದವು. ಅವನ ಸಾಹಸವನ್ನು ಹಳಿಯುವ ಮನಸ್ಸು ನಮಗಿಲ್ಲ. ಬಳಿಯಲ್ಲಿ ನಿಂತು "ತಮ್ಮಾ, ಈ ಅಲಗನ್ನು ಇನ್ನೊಮ್ಮೆ ನೋಡು, ನೀನು ಇಷ್ಟು ಸಮೀಪದಲ್ಲಿರಬೇಡ" ಎಂದು ಹೇಳಬಲ್ಲ ಒಬ್ಬ ತಿಳಿದವನನ್ನು ಇಷ್ಟು ದೊಡ್ಡ ದೇಶವು ಅವನಿಗೆ ಒದಗಿಸಲಾರದೆ ಹೋಯಿತೆಂಬುದೇ ನಮ್ಮ ವ್ಯಥೆ.

ನೆಲದ ಪರೀಕ್ಷೆಯೆಂದರೆ ಎಂಜಿನು ಹೊತ್ತಿತೆ, ಚಕ್ರ ತಿರುಗಿತೆ ಎಂದು ನೋಡುವುದಷ್ಟೇ ಎಂದು ವಿದ್ಯಾವಂತರಲ್ಲಿಯೂ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯದು ತೂಕ. ಕಟ್ಟಿ ಮುಗಿದ ವಿಮಾನವನ್ನು ಗಾಳಿಯಾಡದ ಮರೆಯಲ್ಲಿ ಮಟ್ಟಸವಾಗಿ ನಿಲ್ಲಿಸಿ, ಮೂರು ಚಕ್ರಗಳ ಕೆಳಗೂ ಒಂದೊಂದು ತೂಕದ ಯಂತ್ರವನ್ನಿಡಬೇಕು. ಒಂದೊಂದು ಚಕ್ರದ ತೂಕವನ್ನೂ, ಗೊತ್ತಾದ ಒಂದು ಗುರುತಿನಿಂದ ಆ ಚಕ್ರಕ್ಕಿರುವ ದೂರದಿಂದ ಗುಣಿಸಿ, ಬಂದ ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿದರೆ ಭಾರಕೇಂದ್ರವು ಎಲ್ಲಿದೆಯೆಂಬುದು ಹೊರಡುತ್ತದೆ. ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ಆದರೆ ಈ ಲೆಕ್ಕದ ಮೇಲೆ ಪ್ರಾಣವು ನಿಂತಿದೆ. ಕಾಯಿ ತುಂಬಿದ ಎತ್ತಿನ ಗಾಡಿಯನ್ನು ಹೊಡೆದ ನಮ್ಮ ಸೀಮೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳನ್ನು ಹಿಡಿಯುತ್ತದೆ. ಮುಂಭಾರವಾದರೆ ಹೆಗಲು ಜಗ್ಗುತ್ತದೆ. ಗಾಡಿಯವನು ಇಳಿದು ನಾಲ್ಕು ಚೀಲವನ್ನು ಅತ್ತಿತ್ತ ಸರಿಸಿದರೆ ತೀರಿತು. ಹಿಂಭಾರವಾದ ವಿಮಾನದ ಮೂಗು ಆಕಾಶದಲ್ಲಿ ಮೇಲೆದ್ದು, ವೇಗ ಕುಂದಿ, ರೆಕ್ಕೆಗಳು ಎತ್ತುವ ಶಕ್ತಿಯನ್ನು ಕಳೆದುಕೊಂಡಾಗ ಇಳಿದು ಚೀಲ ಸರಿಸುವವರಾರು?

ತರುವಾಯ ನಡೆಸುವ ಅಂಗಗಳು. ಚಾಲಕನು ಹಿಡಿಯನ್ನು ಎಡಕ್ಕೆ ಒತ್ತಿದರೆ ಎಡ ರೆಕ್ಕೆಯ ಹಿಂಬದಿಯ ಪಟ್ಟಿ ಮೇಲೇಳಬೇಕು, ಬಲ ರೆಕ್ಕೆಯದು ಕೆಳಗಿಳಿಯಬೇಕು. ಇಷ್ಟು ಸುಲಭವಾದುದನ್ನು ಯಾರು ತಪ್ಪುತ್ತಾರೆಂದು ವಾಚಕರು ಕೇಳಬಹುದು. 1947ನೆಯ ಇಸವಿ ಆಗಸ್ಟ್ 23ನೆಯ ತಾರೀಖು ಇಂಗ್ಲೆಂಡಿನ ವುಡ್‌ಫರ್ಡಿನಲ್ಲಿ ಆವ್ರೊ ಟ್ಯೂಡರ್ ವಿಮಾನವು ಏರಿದೊಡನೆ ಬಿದ್ದಿತು. ಈ ಪಟ್ಟಿಗಳನ್ನು ಎಳೆಯುವ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದುದೇ ಕಾರಣವೆಂದು ಆ ಮೇಲೆ ತಿಳಿದುಬಂದಿತು. ಸತ್ತವರಲ್ಲಿ ಯುದ್ಧಕಾಲದ ಲಂಕಾಸ್ಟರ್ ವಿಮಾನದ ಶಿಲ್ಪಿಯಾದ ರಾಯ್ ಚಾಡ್ವಿಕ್ ಸಹ ಇದ್ದರು. ದೊಡ್ಡ ಕಾರ್ಖಾನೆಯಲ್ಲಿ, ಅಷ್ಟು ಜನ ನಿಪುಣರ ನಡುವೆ ಇದು ನಡೆಯಿತೆಂದ ಮೇಲೆ, ಒಬ್ಬನೇ ರಾತ್ರಿ ದೀಪದ ಬೆಳಕಿನಲ್ಲಿ ತಂತಿ ಬಿಗಿಯುವ ಹವ್ಯಾಸಿಯ ಕೆಲಸವನ್ನು ಇನ್ನೊಂದು ಜೊತೆ ಕಣ್ಣು ನೋಡುವುದು ಅವಮಾನವಲ್ಲ. ತಾನು ಕಟ್ಟಿದುದರ ದೋಷವು ಕಟ್ಟಿದವನ ಕಣ್ಣಿಗೆ ಬೀಳುವುದು ಕಡಮೆ. ಬರೆದವನಿಗೆ ತನ್ನ ಕರಡಿನ ಅಚ್ಚಿನ ತಪ್ಪು ಕಾಣುವುದಿಲ್ಲವೆಂಬುದನ್ನು ಪತ್ರಿಕೆಯ ಕಚೇರಿಯಲ್ಲಿರುವವರೆಲ್ಲರೂ ಬಲ್ಲರು.

ಇನ್ನು ಪೆಟ್ರೋಲು. ಮಟ್ಟಸವಾದ ನೆಲದ ಮೇಲೆ ಸರಾಗವಾಗಿ ಹರಿಯುವ ಪೆಟ್ರೋಲು, ವಿಮಾನವು ಮೂಗೆತ್ತಿ ಏರುವಾಗ ಹರಿಯದೆ ಹೋಗಬಹುದು. ಆದುದರಿಂದ ವಿಮಾನವನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಎಂಜಿನಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಗಡಿಯಾರ ಹಿಡಿದು ಅಳತೆಯ ಪಾತ್ರೆಗೆ ಹರಿಸಿ ನೋಡುತ್ತಾರೆ. ತೊಟ್ಟಿಯು ಮೇಲಿದ್ದು ಪೆಟ್ರೋಲು ತಾನಾಗಿ ಇಳಿಯುವ ಏರ್ಪಾಡಾದರೆ, ಎಂಜಿನು ನೆಲಬಿಟ್ಟು ಏಳುವಾಗ ಕುಡಿಯುವುದರ ನೂರಕ್ಕೆ 150ರಷ್ಟೂ, ಪಂಪಿನಿಂದಾದರೆ ನೂರಕ್ಕೆ 125ರಷ್ಟೂ ಹರಿಯಬೇಕೆಂಬುದು ಒಪ್ಪಿತವಾದ ಅಳತೆ. ಎಂಜಿನನ್ನು ಓಡಿಸುವಾಗ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಬಾಲವನ್ನು ಬಲವಾದ ಗೂಟಕ್ಕೆ ಬಿಗಿದು, ಬೆಂಕಿ ಆರಿಸುವ ಸಾಧನವನ್ನು ಕೈಗೆಟುಕುವಲ್ಲಿಟ್ಟು, ಪ್ರೊಪೆಲ್ಲರು ತಿರುಗುವ ನೇರದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಬೇಕು. ವಿಮಾನದ ಎಂಜಿನಿಗೆ ಕಿಡಿಯ ಏರ್ಪಾಡು ಸಾಮಾನ್ಯವಾಗಿ ಎರಡು. ಒಂದನ್ನು ನಿಲ್ಲಿಸಿ ಇನ್ನೊಂದರಿಂದಲೂ, ಅದನ್ನು ನಿಲ್ಲಿಸಿ ಇದರಿಂದಲೂ ಓಡಿಸಿ, ಸುತ್ತು ಎಷ್ಟು ಇಳಿಯುವುದೆಂದು ಬರೆದುಕೊಳ್ಳಬೇಕು. ಪ್ರತಿಯೊಂದು ಓಟದ ನಂತರವೂ ಮುಚ್ಚಳ ತೆಗೆದು, ಎಣ್ಣೆ ಸೋರಿದೆಯೆ, ನಟ್ಟು ಸಡಿಲವಾಗಿದೆಯೆ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಮರದ ಪ್ರೊಪೆಲ್ಲರಾದರೆ ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಹಿಗ್ಗುವಂತೆ ಹಿಗ್ಗಿ, ಬೇಸಗೆಯಲ್ಲಿ ಕುಗ್ಗಿ, ಅದರ ಬೋಲ್ಟುಗಳ ಬಿಗಿ ತಪ್ಪುತ್ತದೆ. ಋತು ತಿರುಗಿದಾಗಲೆಲ್ಲ ಮತ್ತೆ ನೋಡತಕ್ಕದ್ದು.

ಇಷ್ಟಾದ ಮೇಲೆ ಓಟದ ಪರೀಕ್ಷೆ: ಮೊದಲು ಮನುಷ್ಯನ ನಡಿಗೆಯ ವೇಗ, ಆಮೇಲೆ ಹೆಚ್ಚು. ವೇಗದ ಓಟವು ಎಣಿಸದೆಯೇ ಹಾರಾಟವಾಗಿಬಿಡುವುದುಂಟು. ಗಾಳಿಯ ಒಂದು ಬೀಸು ಸಾಕು. ಅದಕ್ಕಾಗಿಯೇ ವೇಗದ ಓಟಕ್ಕೆ ಕುಳಿತವನು ಹಾರಲು ಬಲ್ಲವನಾಗಿರಬೇಕು, ಮುಂದೆ ಉದ್ದನೆಯ ಬಯಲಿರಬೇಕು. ತೆಂಗಿನ ತೋಟದ ನಡುವಣ ಬಂಡಿಜಾಡು ಈ ಕೆಲಸಕ್ಕೆ ತಕ್ಕುದಲ್ಲ.

ಈ ತಾಳ್ಮೆಯ ಕೆಲಸವು ಕನ್ನಡನಾಡಿಗೆ ಹೊಸದೂ ಅಲ್ಲ. ಮೈಸೂರು ಸರಕಾರವು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಸೇರಿ 1940ನೆಯ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿ ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ನಮ್ಮವರೇ ರೂಪಿಸಿದ ಎಚ್.ಟಿ.-2 ವಿಮಾನವು 1951ನೆಯ ಆಗಸ್ಟಿನಲ್ಲಿ ಹಾರಿತು. ಹವ್ಯಾಸಿಗಳು ಗಮನಿಸಬೇಕಾದ ಸಂಗತಿ ಇನ್ನೊಂದು. ಬರ್ಟ್ ರೂಟಾನ್ ಎಂಬ ಅಮೆರಿಕದ ಶಿಲ್ಪಿಯು ಮನೆಯಲ್ಲಿ ಕಟ್ಟುವವರಿಗಾಗಿಯೇ ರಚಿಸಿದ ಲಾಂಗ್-ಈಜಿ ಎಂಬ ವಿಮಾನದ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಒಂದು ಸಣ್ಣ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿದರು. ರಾಷ್ಟ್ರದ ಪ್ರಯೋಗಾಲಯವೇ ಹವ್ಯಾಸಿಯ ನಕ್ಷೆಯಿಂದ ಪಾಠ ಕಲಿಯಲು ಸಂಕೋಚಪಡಲಿಲ್ಲ. ಆ ಮೇಲೆ ಅವರು ಕಟ್ಟಿದ ಹಂಸ ವಿಮಾನವು 1993ರಲ್ಲಿ ಮೊದಲು ಹಾರಿದರೂ ಪ್ರಮಾಣಪತ್ರ ದೊರೆತುದು 2000ದಲ್ಲಿ.

ಮುಂದೆ ತೇಜಸ್ ಎಂಬ ಹೆಸರನ್ನು ಪಡೆದ ಲಘು ಯುದ್ಧವಿಮಾನವನ್ನು 1995ನೆಯ ನವೆಂಬರ್ 17ರಂದು ಬೆಂಗಳೂರಿನಲ್ಲಿ ಜನರಿಗೆ ತೋರಿಸಿದರು. ಅದು ನೆಲವನ್ನು ಬಿಟ್ಟುದು 2001ನೆಯ ಜನವರಿ 4ರಂದು, ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲರ ಕೈಯಲ್ಲಿ. ನಡುವಣ ಐದು ವರ್ಷಗಳಲ್ಲಿ ಎಷ್ಟು ಮಂದಿ ನಕ್ಕರೆಂಬುದು ನಮಗೆ ನೆನಪಿದೆ. ವಿಳಂಬವೆಲ್ಲವೂ ಪರೀಕ್ಷೆಯಿಂದಲೇ ಆಯಿತೆಂದು ನಾವು ವಾದಿಸುವುದಿಲ್ಲ. ಕಚೇರಿಯ ಕಡತಗಳ ನಡಿಗೆಯನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾಗಿರುವವರು ನಮಗಿಂತ ಚೆನ್ನಾಗಿ ಬಲ್ಲರು. 1998ರ ಅಣುಪರೀಕ್ಷೆಗಳ ತರುವಾಯ ಅಮೆರಿಕದ ನೆರವೂ ನಿಂತಿತು. ಆದರೆ ವಿಮಾನವನ್ನು ನಡೆಸುವ ಗಣಕದ ಸೂತ್ರಗಳನ್ನೂ ಅಂಗಗಳನ್ನೂ, ಕಬ್ಬಿಣದ ಹಕ್ಕಿಯೆಂದು ಕರೆಯುವ ಹಾರದ ಚೌಕಟ್ಟಿನ ಮೇಲೆ ಮತ್ತೆ ಮತ್ತೆ ನಡೆಸಿ ನೋಡಿದ ಆ ಕಾಲವು ವ್ಯರ್ಥವಾಯಿತೆಂದು ಹೇಳುವವರು ಆ ಕೆಲಸವನ್ನು ಅರಿಯದವರು. ಇಷ್ಟು ಎಚ್ಚರಿಕೆಯ ಸಂಸ್ಥೆಗಳಿದ್ದೂ ಈ ವಿದ್ಯೆಯು ಬಲಿ ತೆಗೆದುಕೊಳ್ಳುತ್ತದೆ: 2009ನೆಯ ಮಾರ್ಚ್ 6ರಂದು ಸರಸ್ ವಿಮಾನದ ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಸಮೀಪ ವಾಯುಪಡೆಯ ಮೂವರು ಅಧಿಕಾರಿಗಳು ಅಸುನೀಗಿದರು.

ಹಳ್ಳಿಯ ಯಂತ್ರನಿರ್ಮಾಪಕನಿಗೆ ಇನ್ನೊಂದು ಕಂಟಕವಿದೆ. ಅದು ನಮ್ಮ ಜನರ ಪ್ರೀತಿ. ರೆಕ್ಕೆಗೆ ಬಣ್ಣ ಬಳಿದೊಡನೆಯೇ ಊರು ನೆರೆಯುತ್ತದೆ, ಹಾರ ಬರುತ್ತದೆ, ಮುಖಂಡರು ಬರುತ್ತಾರೆ, ಕೆಲವು ಪತ್ರಿಕೆಗಳು ಚಿತ್ರವನ್ನೂ ಹಾಕುತ್ತವೆ. "ಎಂದು ಹಾರಿಸುತ್ತೀ?" ಎಂಬ ಪ್ರಶ್ನೆ ಎಲ್ಲರ ಬಾಯಲ್ಲಿ. "ಭಾರಕೇಂದ್ರ ಎಲ್ಲಿ ಬಂದಿತು?" ಎಂದು ಕೇಳುವವರು ಒಬ್ಬರೂ ಇಲ್ಲ. ಮಾನಕ್ಕೆ ಅಂಜಿದ ತರುಣನು ಇನ್ನೂ ಒಂದು ತಿಂಗಳು ಬೇಕೆಂದು ಹೇಳಲಾರದೆ ಹೋಗುತ್ತಾನೆ.

ಕಾನೂನಿನ ಮಾತಿಗೆ ಬರೋಣ. 1934ರ ವಿಮಾನ ಕಾಯಿದೆಗೆ ಬದಲಾಗಿ ಭಾರತೀಯ ವಾಯುಯಾನ ಅಧಿನಿಯಮವು 2025ನೆಯ ಜನವರಿ 1ರಿಂದ ಜಾರಿಗೆ ಬಂದಿದೆ. ನೋಂದಣಿ, ಹಾರಾಟದ ಅನುಮತಿ, ಇವೆಲ್ಲ ದಿಲ್ಲಿಯ ನಿರ್ದೇಶನಾಲಯದ ಅಧಿಕಾರ; ಅದು ಯೋಗ್ಯವೇ. ಆದರೆ ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವ್ ಅವರು ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನವು 2016ರ ಪ್ರದರ್ಶನದಲ್ಲಿ ದೇಶದ ಕಣ್ಣಿಗೆ ಬಿದ್ದರೂ ನೋಂದಣಿಯಾದುದು 2017ರಲ್ಲಿ, ಅನುಮತಿ ದೊರೆತುದು 2019ರಲ್ಲಿ. ಅವರು ವೃತ್ತಿಯಿಂದ ವಿಮಾನಚಾಲಕರು, ರಾಜಧಾನಿಯಂಥ ನಗರದಲ್ಲಿದ್ದವರು. ಮಾಯಸಂದ್ರದ ಷೆಡ್ಡಿನಲ್ಲಿರುವವನ ಪಾಡೇನು? ಆತನು ದಿಲ್ಲಿಗೆ ಅರ್ಜಿ ಬರೆಯುವ ಬಹಳ ಮೊದಲೇ ಎಂಜಿನನ್ನು ಹೊತ್ತಿಸಿರುತ್ತಾನೆ. ಅಪಾಯವಿರುವುದು ಆ ಹಂತದಲ್ಲಿ. ಬ್ರಿಟನ್ನಿನಲ್ಲಿ ಹವ್ಯಾಸಿಗಳ ಸಂಘದ ತನಿಖೆದಾರರೇ ಷೆಡ್ಡಿಗೆ ಹೋಗಿ, ಮುಚ್ಚಿಹೋಗುವ ಮುನ್ನ ಒಂದೊಂದು ಭಾಗವನ್ನೂ ನೋಡಿ ರುಜು ಹಾಕುತ್ತಾರೆ. ಅಮೆರಿಕದಲ್ಲಿ ಹವ್ಯಾಸಿಯ ವಿಮಾನವು ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಜನವಿರಳವಾದ ಗೊತ್ತಾದ ಪ್ರದೇಶದಲ್ಲಿಯೇ ಹಾರಬೇಕು. ಬೆಂಗಳೂರಿನ ರಾಜ್ ಹಂಸ ಸಂಸ್ಥೆಯವರು ಎಕ್ಸ್-ಏರ್ ಎಂಬ ಲಘುವಿಮಾನದ ಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಪರದೇಶಗಳಿಗೆ ಕಳಿಸಿದರು. ಅಲ್ಲಿನ ಹವ್ಯಾಸಿಗಳು ಅವನ್ನು ತಮ್ಮ ಷೆಡ್ಡುಗಳಲ್ಲಿ ಜೋಡಿಸಿ, ತನಿಖೆಗೊಪ್ಪಿಸಿ ಹಾರಿಸಿದರು. ಕನ್ನಡನಾಡಿನಲ್ಲಿ ಆದ ವಿಮಾನವನ್ನು ಅಲ್ಲಿನ ಬಡಗಿಯು ನಿರ್ಭಯವಾಗಿ ಜೋಡಿಸಬಹುದಾಗಿದ್ದು, ಇಲ್ಲಿನ ಬಡಗಿಗೆ ದಾರಿ ತೋರಿಸುವವರಿಲ್ಲವೆಂಬುದು ವಿಚಿತ್ರ.

ನಾವು ಕೇಳುವುದು ಹೆಚ್ಚಿನದಲ್ಲ. ಜಕ್ಕೂರಿನ ವಿಮಾನನಿಲ್ದಾಣವು ರಾಜ್ಯ ಸರಕಾರದ್ದೇ ಆಗಿದೆ; ವರ್ಷದಲ್ಲಿ ಕೆಲವು ದಿನಗಳನ್ನು ಹವ್ಯಾಸಿಗಳ ನೆಲದ ಪರೀಕ್ಷೆಗೆಂದು, ದಿಲ್ಲಿಯ ಒಪ್ಪಿಗೆ ಪಡೆದು, ಅಲ್ಲಿ ಗೊತ್ತುಮಾಡಲಿ. ತುಮಕೂರು ಜಿಲ್ಲೆಯಲ್ಲಿ ಈಗ ಹೆಲಿಕಾಪ್ಟರ್ ಕಾರ್ಖಾನೆಯ ತಜ್ಞರಿದ್ದಾರೆ, ಬೆಂಗಳೂರಿನಲ್ಲಿ ನಿವೃತ್ತರಾದವರು ಬೇಕಾದಷ್ಟು ಮಂದಿಯಿದ್ದಾರೆ. ಅವರಲ್ಲಿ ಒಪ್ಪುವವರ ಪಟ್ಟಿಯೊಂದನ್ನು ಮಾಡಿ, ಕರೆದಲ್ಲಿಗೆ ಹೋಗಿ ಬರುವ ಖರ್ಚನ್ನು ಸರಕಾರವು ಕೊಡಲಿ. ತಿಪಟೂರಿನ ಕಲ್ಪತರು ತಾಂತ್ರಿಕ ವಿದ್ಯಾಲಯದಂಥ ಸಂಸ್ಥೆಗಳು ಮೂರು ತೂಕದ ಯಂತ್ರಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಇದಕ್ಕೆ ಒದಗಿಸುವುದು ಕಷ್ಟವಲ್ಲ. ವಿದ್ಯಾರ್ಥಿಗಳಿಗೂ ಪುಸ್ತಕದಲ್ಲಿಲ್ಲದ ಪಾಠವಾಗುತ್ತದೆ. ಪೋಲೀಸಿನವರು ಇಂಥ ಯಂತ್ರದ ಸುದ್ದಿ ಕೇಳಿದೊಡನೆ ಜಪ್ತಿಗೆ ಹೊರಡುವ ಬದಲು, ಮೊದಲು ಆ ಪಟ್ಟಿಯಲ್ಲಿರುವವರೊಬ್ಬರನ್ನು ಕರೆದೊಯ್ಯುವಂತೆ ಆಜ್ಞೆಯಾಗಲಿ. ಹೆದರಿಸಿದರೆ ತರುಣನು ಕೆಲಸವನ್ನು ಬಿಡುವುದಿಲ್ಲ, ರಾತ್ರಿಯ ಹೊತ್ತಿನಲ್ಲಿ ಮಾಡುತ್ತಾನೆ.

ಸರಕಾರದವರು ಪರೀಕ್ಷೆಯ ದಿನಗಳನ್ನೂ ತನಿಖೆದಾರರ ಹೆಸರುಗಳನ್ನೂ ಗೊತ್ತುಮಾಡಿ ನಮಗೆ ಕಳಿಸಿದಲ್ಲಿ, ಅವನ್ನು ಯಾವ ದರವನ್ನೂ ವಿಧಿಸದೆ ಮೂರು ವಾರಗಳ ಕಾಲ ಮೊದಲನೆಯ ಪುಟದಲ್ಲಿ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.