ಮಕ್ಕಳ ಮಾತಿಗೊಂದು ಕಿವಿ
ಮನಃಶಾಸ್ತ್ರ ಓದಿದವರು ಮುಂದೇನು ಎಂದು ಕೇಳಿದರೆ ನಾನು ಶಾಲಾ ಸಮಾಲೋಚಕರ ಕೆಲಸದತ್ತ ಕೈ ತೋರಿಸುತ್ತೇನೆ. ಎನ್‌ಸಿಇಆರ್‌ಟಿ ರೂಪಿಸಿದ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅಧ್ಯಯನ ಕೇಂದ್ರ. ಕೆಲಸದಲ್ಲಿರುವ ಶಿಕ್ಷಕರಿಗೂ ಅಲ್ಲಿ ಅವಕಾಶವಿದೆ. ಆದರೆ ಸರ್ಟಿಫಿಕೇಟಿಗಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ. ಗಣಿತದ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಎನ್ನುವ ಆರನೇ ತರಗತಿಯ ಹುಡುಗ ಮೊದಲ ದಿನವೇ ಬಾಯಿ ಬಿಡುವುದಿಲ್ಲ. ಅವನ ಜೊತೆ ಚಿತ್ರ ಬಿಡಿಸುತ್ತಾ, ಕೇರಂ ಆಡುತ್ತಾ ವಾರಗಟ್ಟಲೆ ಕಾಯಬೇಕು. ಅವನು ಹೇಳಿದ್ದು ಸ್ಟಾಫ್ ರೂಮಿನ ಹರಟೆಯಾಗಕೂಡದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಾತ್ರ ಗುಟ್ಟಿನ ಪ್ರಶ್ನೆಯೇ ಇಲ್ಲ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಿಬಿಎಸ್‌ಇ ತನ್ನ ಪ್ರೌಢಶಾಲೆಗಳಲ್ಲಿ ಸಮಾಲೋಚಕರು ಇರಲೇಬೇಕೆಂದು ನಿಯಮ ಮಾಡಿದೆ. ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೂ ಈ ಹುದ್ದೆ ಖಾಯಂ ಆಗಿ ಮಂಜೂರಾಗಲಿ.