ಲೆಕ್ಕಕ್ಕೆ ಬಾರದ ದುಡಿಮೆ
ಮನೆಮಾರು ತೊರೆದು ಧರ್ಮಪ್ರಚಾರಕ್ಕೆಂದು ಚೆನ್ನೈನ ಪೆರುಂಗುಡಿಯಲ್ಲಿ ಬಿಡಾರ ಹೂಡುವ ತರುಣನು, ಗ್ರಂಥಜ್ಞಾನವೆಷ್ಟಿದ್ದರೂ, ಕಾರ್ತಿಕದ ಮಳೆಗೆ ಕೆರೆಯಾಗುವ ಬೀದಿಯಲ್ಲಿ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ನಡೆಯುವುದನ್ನೂ, ಬೇಸಗೆಯಲ್ಲಿ ನೀರಿನ ಲಾರಿಯ ಮುಂದೆ ಬಿಂದಿಗೆಯಿಟ್ಟು ಸರದಿ ಕಾಯುವುದನ್ನೂ, ಪಳ್ಳಿಕರಣೈ ಜೌಗಿನಂಚಿನ ಕಸದ ರಾಶಿಯ ದುರ್ಗಂಧವನ್ನು ಸಹಿಸುವುದನ್ನೂ ಮೊದಲು ಕಲಿಯಬೇಕಾಗುತ್ತದೆ. 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಬಾಸೆಲ್ ಮಿಷನ್ನಿನ ಪರವಾಗಿ ಕನ್ನಡನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲರ ಪಾಡೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ: ಜನರೊಡನೆ ಜನರಂತೆಯೇ ಬಾಳಬೇಕೆಂಬ ಅವರ ಹಂಬಲ ಮೇಲಿನವರಿಗೆ ರುಚಿಸಲಿಲ್ಲ, ಪ್ರಚಾರದ ಫಲವೂ ಅಲ್ಪವೇ. ಆದರೆ ಹಳ್ಳಿಹಳ್ಳಿ ಅಲೆದು ಗ್ರಾಮಸ್ಥರೊಡನೆ ಮಾತಾಡುತ್ತ ಕಳೆದ ಆ ನಿಷ್ಫಲ ದಿನಗಳೇ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ಮಹಾನಿಘಂಟಿಗೆ ಬಂಡವಾಳವಾದವು. ದೀಕ್ಷಾಸ್ನಾನಗಳ ಸಂಖ್ಯೆಯಿಂದಲೇ ತರುಣನ ದುಡಿಮೆಯನ್ನು ಅಳೆಯುವ ಸಂಸ್ಥೆ ತನ್ನ ನಿಜವಾದ ಲಾಭವನ್ನೇ ಲೆಕ್ಕಕ್ಕೆ ಹಿಡಿಯದೆ ಹೋಗುತ್ತದೆ.